ಬೆನ್ನಿಗೆ ಬೆನ್ನು ಕೊಟ್ಟ ಪಂಕ್ತಿ

ನಮ್ಮ ಜೀವಶಾಸ್ತ್ರದ ಸರ್ ಅವರ ಬಲಗೈಯ ಮೂರು ಬೆರಳು ಸದಾ ನೀಲಿ. ಸೂಕ್ಷ್ಮದರ್ಶಕದಡಿ ಇಡುವ ಈರುಳ್ಳಿಯ ಪದರಕ್ಕೆ ಬಣ್ಣ ಹಾಕಿ ಹಾಕಿ ಹಿಡಿದ ಕಲೆ. ಅದೇ ಕೈಯಿಂದ ರೊಟ್ಟಿ ಮುರಿಯುತ್ತಾರೆಂದು ವಿಜಾಪುರದ ಜೋರಾಪುರ ಪೇಟೆಯ ಮನೆಯಲ್ಲಿ ಹೆಂಡತಿಯಿಂದ ದಿನವೂ ಬೈಸಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ತಿಕೋಟಾದಿಂದ ಬಸ್ಸಿನಲ್ಲಿ ವಿಜಾಪುರದ ಕಾಲೇಜಿಗೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಸರ್ ಬಂದವರೇ, ಹಿಂದಿನ ವಾರ ತಾವೇ ಬರೆಸಿದ್ದ ಜೀವಕೋಶದ ಪೊರೆಯ ಚಿತ್ರವನ್ನು ಹೊಡೆದುಹಾಕಿಸಿದರು. ಪುಣೆಯ ಗೆಳೆಯರೊಬ್ಬರು ಹೊಸ ವಿಜ್ಞಾನ ಪತ್ರಿಕೆ ಕಳಿಸಿದ್ದರಂತೆ.

“ನಾ ಹೇಳಿದ್ದು ತಪ್ಪು. ಪೊರಿ ಅಂದ್ರ ಗ್ವಾಡಿ ಅಲ್ಲ, ಊಟದ ಪಂಕ್ತಿ! ಏಳ್ರಿ, ಬೆನ್ನಿಗೆ ಬೆನ್ನು ಹಚ್ಚಿ ಎರಡು ಸಾಲು ಕುಂದರ್ರಿ.”

ನಾವು ಹುಡುಗಿಯರು ನಾಲ್ಕೇ ಮಂದಿ. ನನ್ನ ಬೆನ್ನಿಗೆ ಯಾವನೋ ಹುಡುಗನ ಬೆನ್ನು. ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ನೀವೆಲ್ಲಾ ಕೊಬ್ಬಿನ ಕಣ. ನಿಮ್ಮ ಮಾರಿ ಅಂದ್ರ ಕಣದ ತಲಿ, ಬೆನ್ನು ಅಂದ್ರ ಬಾಲ. ಈ ಕಣದ ತಲಿಗೆ ನೀರು ಬೇಕು, ಬಾಲಕ್ಕ ಬ್ಯಾಡ. ಅದಕ್ಕ ತಲಿ ಹೊರಗ, ಬಾಲ ಒಳಗ. ಈಗ ಪಕ್ಕದವರ ಜೋಡಿ ಜಾಗಾ ಬದಲಿ ಮಾಡ್ರಿ.”

ಸರಸರ ಸರಿದೆವು. ಹಿಂದಿನ ಸಾಲಿಗೆ ನುಗ್ಗಿ ಎಂದಾಗ ಮಾತ್ರ ಆ ಬೆನ್ನುಗಳ ನಡುವೆ ಯಾರಿಗೂ ತೂರಲು ಆಗಲಿಲ್ಲ.

“ನೋಡ್ರಿ! ಸಾಲಿನಾಗ ಸರಿಯೂದು ಸರಾಗ, ಸಾಲು ದಾಟೂದು ಭಾಳ ಅಪರೂಪ. ಈ ಕ್ಷಣ ನಿಮ್ಮ ಕಣ್ಣಿನ ರೆಪ್ಪ್ಯಾಗೂ ಇದ ನಡದೈತಿ. ಎಲ್ಲಾರೂ ಓಡಾಡತಾರ, ಪಂಕ್ತಿ ಮಾತ್ರ ಮುರಿಯೂದಿಲ್ಲ!”

ಸಂಜೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಅಂಗೈಯನ್ನೇ ನೋಡುತ್ತ ಬಂದೆ.

ಆದರೆ ಹುಡುಗರ ಬೆನ್ನಿಗೆ ಕೂತ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. “ಕಲತಿದ್ದು ಸಾಕು. ಇನ್ನ ಮನ್ಯಾಗಿರು,” ಎಂದು ಅಪ್ಪ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದ. ನಾಲ್ಕು ದಿನ ಅತ್ತೆ. ಯಾರೂ ಕರಗಲಿಲ್ಲ.

ಭಾನುವಾರ ಸರ್ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು.

“ಹುಡುಗ್ಯಾರನ್ನ ಹುಡುಗರ ಬೆನ್ನಿಗೆ ಕುಂದರಿಸಿದ್ರಂತಲ್ರಿ?” ಅಪ್ಪ ಕೇಳಿದ.

“ಹೌದ್ರಿ. ನಿಮ್ಮನ್ನ ಕೇಳಬೇಕಿತ್ತು, ತಪ್ಪಾತು. ಆದರ ಪಾಠ ಏನಂತ ಮಗಳ ಬಾಯಿಂದ ಒಮ್ಮೆ ಕೇಳ್ರಿ,” ಎನ್ನುತ್ತ ಸರ್ ಕಟ್ಟೆಯ ಮೇಲೆ ಅಪ್ಪನ ಬೆನ್ನಿಗೆ ಬೆನ್ನು ಹಚ್ಚಿ ಕೂತೇಬಿಟ್ಟರು.

“ನಾ ಯಾವ ಸಾಲಿಗೋ ಯಪ್ಪಾ?” ಎಂದಳು ನಮ್ಮ ಅಜ್ಜಿ. ಅವಳನ್ನು ಮಗನ ಪಕ್ಕಕ್ಕೆ ಕೂರಿಸಿದೆವು.

ಪಾಠವನ್ನೆಲ್ಲ ಹೇಳಿದೆ. ದ್ರಾಕ್ಷಿ ಬಳ್ಳಿ ಸವರಿ ಒರಟಾದ ತನ್ನ ಕೈಯನ್ನು ಅಪ್ಪ ಬಹಳ ಹೊತ್ತು ತಿರುವಿ ತಿರುವಿ ನೋಡಿದ.

“ಇಷ್ಟೆಲ್ಲಾ ನನ್ನ ಮೈಯಾಗೂ ನಡದೈತೇನ್ರಿ?”

“ನೀವು ಈ ಮಾತು ಕೇಳೂವಾಗೂ ನಡದೈತ್ರಿ.”

ಸರ್ ಹೊರಟು ನಿಂತಾಗ ಅಪ್ಪ ನನ್ನತ್ತ ತಿರುಗಿ, “ನಾಳಿ ಬಸ್ ತಪ್ಪಿಸಬ್ಯಾಡ,” ಎಂದ.

ನಾನೂ ಜೀವಶಾಸ್ತ್ರದ ಶಿಕ್ಷಕಿಯಾದೆ. ಬಹಳ ವರ್ಷಗಳ ಮೇಲೆ, ಸರ್ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ನೋಡಲು ಹೋದೆ. ಏನು ಮಾತಾಡಬೇಕೋ ತಿಳಿಯದೆ, “ಸರ್, ಕೊಬ್ಬಿನ ಕಣಾನ ಈ ಸಾಲಿನಿಂದ ಆ ಸಾಲಿಗೆ ದಾಟಸಾಕಂತನ ಪೊರಿಯೊಳಗ ಪ್ರೋಟೀನ್ ಅದಾವ್ರಿ. ಈಗ ಕಂಡುಹಿಡದಾರ,” ಎಂದೆ.

ಸರ್ ಮುಚ್ಚಿದ್ದ ಕಣ್ಣು ತೆರೆದರು. “ಹೌದಾ? ಹಂಗಾರ ನಾ ಹೇಳಿದ್ದು ಅರ್ಧಾನ ಆತು! ಎಬ್ಬಿಸಿ ಕುಂದರಿಸವ್ವಾ, ಪೂರ್ತಿ ಹೇಳು.”

ದಿಂಬು ಕೊಟ್ಟು ಕೂರಿಸಿ ಪೂರ್ತಿ ಹೇಳಿದೆ. ನಡುವೆ ಎರಡು ಪ್ರಶ್ನೆ ಕೇಳಿದರು. ಎರಡನೆಯದಕ್ಕೆ ಉತ್ತರ ಓದಿಕೊಂಡು ಬರುತ್ತೇನೆಂದು ಹೇಳಿ ಬಂದೆ. ಉತ್ತರ ಸಿಗುವ ಹೊತ್ತಿಗೆ ಅವರು ಇರಲಿಲ್ಲ.