ನಾನು ಕಟ್ಟಿ ಕೆಡವಿದ ನೀರೊಲೆ

ಹೆಂಡತಿಗೆ ಆರು ತಿಂಗಳು ತುಂಬಿತ್ತು. ನಾಲ್ಕು ವರ್ಷದ ಹಿಂದೆ, ಎಂಟನೇ ತಿಂಗಳಲ್ಲಿ ಮೊದಲ ಮಗುವನ್ನು ಕಳೆದುಕೊಂಡ ಮೇಲೆ, ಮಧುಗಿರಿಯ ನಮ್ಮ ಮನೆಯಲ್ಲಿ ಮಗುವಿನ ಮಾತನ್ನೇ ನಾವಿಬ್ಬರೂ ಎತ್ತುತ್ತಿರಲಿಲ್ಲ. ಈ ಸಲವೂ ಅಷ್ಟೇ, ಎಂಟು ತಿಂಗಳು ದಾಟಿದರೆ ಸಾಕೆಂದು ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದೆವು. ಅವಳಿಗೆ ತಾಯಿ ಇಲ್ಲ. ಬಾಣಂತನಕ್ಕೆ ತೋವಿನಕೆರೆಯಿಂದ ನಮ್ಮಮ್ಮನೇ ಬರಬೇಕಿತ್ತು.

ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: "ಗೀಸರ್ ನೀರು ಬಾಣಂತಿ ಮೈಗೆ ಹತ್ತಕಿಲ್ಲ ಕಣ್ಲಾ. ಹಿತ್ಲಾಗೆ ಸೌದೆ ಒಲೆ ಹಾಕಿ ಹಂಡೇಲಿ ಕಾಯಿಸ್ಬೇಕು. ಇಟ್ಗೆ ತಂದಿಡು, ನಾನ್ ಬಂದು ಕಟ್ತೀನಿ."

ಇಟ್ಟಿಗೆ ತಂದಿಟ್ಟು ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮಿಡಿಗೇಶಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಮೂರು ಗೋಡೆಯ ಒಂದು ಒಲೆ ಕಟ್ಟಲು ವಯಸ್ಸಾದ ಅಮ್ಮ ಬರಬೇಕೆ? ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ, ಒಂದು ಭಾನುವಾರ ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಇಳಿದೆ.

ಇಟ್ಟಿಗೆಯನ್ನು ಮೊದಲು ನೀರಿನಲ್ಲಿ ನೆನೆಸಬೇಕೆಂಬುದೇ ತಿಳಿದಿರಲಿಲ್ಲ. ಒಣ ಇಟ್ಟಿಗೆ ಸಿಮೆಂಟಿನ ನೀರನ್ನೆಲ್ಲ ಹೀರಿಕೊಂಡು, ಮುಟ್ಟಿದರೆ ಕೈಗೇ ಬಂತು. ನೆನೆಸಿ ಮತ್ತೆ ಕಟ್ಟಿದೆ. ವಾರ ಬಿಟ್ಟು ಬೆಂಕಿ ಹಾಕಿದ ಅರ್ಧ ಗಂಟೆಗೆ ಸಿಮೆಂಟು ಪಟಪಟನೆ ಸಿಡಿದು ಗೋಡೆ ಬಾಯಿ ಬಿಟ್ಟಿತು. ಮರುದಿನ ಶಾಲೆಯ ಜವಾನನ ಹತ್ತಿರ ಹೇಳಿಕೊಂಡೆ. "ಒಲೆಗ್ಯಾರು ಸಾ ಸಿಮೆಂಟ್ ಹಾಕ್ತಾರೆ? ಕೆರೆ ಜೇಡಿಮಣ್ಣಿಗೆ ರಾಗಿ ಹೊಟ್ಟು ಕಲ್ಸಿ ತುಳೀರಿ," ಎಂದ. ಎರಡು ಚೀಲ ಮಣ್ಣನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದೆ. ಈ ಸಲ ಒಲೆ ನಿಂತಿತು. ಎಡಕ್ಕೆ ಸ್ವಲ್ಪ ವಾಲಿತ್ತು, ಆದರೆ ಹಂಡೆ ಅಲುಗಾಡದೆ ಕೂತಿತು. ಅಷ್ಟಕ್ಕೇ ನನಗೆ ಕೋಡು ಬಂದಿತ್ತು.

ಇಷ್ಟು ದಿನವೂ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ಕೆಳಗೆ ಇಳಿಯಲಿಲ್ಲ. "ಹೇಗಿದೆ?" ಅಂದರೆ, "ಬಿಸಿಲು ಜಾಸ್ತಿ, ಒಳಗೆ ಬನ್ನಿ," ಅನ್ನುವಳು. ಒಂದು ದಿನ ಗಾರೆ ಮೆತ್ತುವ ಕರಣೆಯನ್ನೇ ಎಲ್ಲೋ ಎತ್ತಿಟ್ಟಿದ್ದಳು. ಹುಡುಕಿಕೊಡು ಎಂದು ರೇಗಿದೆ. ಒಳಗಿನಿಂದ ತಂದುಕೊಟ್ಟಳು.

ಅಮ್ಮ ಬಂದವಳು ಕೈಚೀಲ ಇಟ್ಟು ನೇರ ಹಿತ್ತಲಿಗೆ ಹೋದಳು. "ಯಾರ್ಲಾ ಕಟ್ಟಿದ್ದು?"

"ನಾನೇ."

ಅಮ್ಮನ ಮುಖ ಇಳಿದುಹೋಯಿತು. "ಬಸ್ರಿ ಗಂಡ ಗೋಡೆ ಎಬ್ಬುಸ್ಬಾರ್ದು, ಒಲೆ ಹಾಕ್ಬಾರ್ದು ಅಂತ ಗೊತ್ತಿಲ್ವೇನ್ಲಾ ನಿಂಗೆ? ಅದ್ಕೇ ಅಲ್ವಾ ಇಟ್ಗೆ ಮಾತ್ರ ತಂದಿಡು ಅಂದಿದ್ದು?"

ನಾನು ಪಾಠ ಶುರುಮಾಡಿದೆ. ಇಟ್ಟಿಗೆಗೂ ಗರ್ಭಕ್ಕೂ ಏನು ಸಂಬಂಧ, ಯಾವ ಕಾಲದಲ್ಲಿದ್ದೀಯ, ಸ್ಕ್ಯಾನಿಂಗ್ ರಿಪೋರ್ಟು ತೋರಿಸಲೇ ಎಂದೆಲ್ಲ ದನಿ ಏರಿಸಿದೆ. ಆಗ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ ಹೇಳಿದಳು: "ಹೋದ್ಸಲ ನೀವು ಕಾಂಪೌಂಡ್ ಎಬ್ಬಿಸ್ದಾಗ್ಲೂ ನಾನು ಸುಮ್ನಿದ್ದೆ."

ಮೊದಲ ಬಸುರಿನಲ್ಲಿ ಮುಂದೆ ನಿಂತು ಮನೆಯ ಕಾಂಪೌಂಡ್ ಕಟ್ಟಿಸಿದವನು ನಾನೇ. ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಂಡಿತ್ತೆಂದು ಡಾಕ್ಟರು ಹೇಳಿದ್ದರು. ಅವಳೂ ಅದನ್ನೇ ನಂಬಿದ್ದಾಳೆ ಅಂದುಕೊಂಡಿದ್ದೆ. ನಾಲ್ಕು ವರ್ಷ ಆ ಗೋಡೆಯ ಪಕ್ಕದಲ್ಲೇ ರಂಗೋಲಿ ಹಾಕಿದಳು, ನನಗೆ ಬುತ್ತಿ ಕಟ್ಟಿಕೊಟ್ಟಳು. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

"ಹೋಗ್ಲಿ ಬುಡು, ನಾಳಿಕ್ಕೆ ನಾನ್ ಕಟ್ತೀನಿ," ಎಂದು ಅಮ್ಮ ಒಳಗೆ ಹೋದಳು. ಆ ಸಂಜೆ ಒಲೆಯನ್ನು ಒಂದೊಂದೇ ಇಟ್ಟಿಗೆ ತೆಗೆದು ಕೆಡವಿದೆ. ಆ ನಂಬಿಕೆ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೂ ಕೆಡವಿದೆ. ಬೆಳಿಗ್ಗೆ ಅಮ್ಮ ಅದೇ ಇಟ್ಟಿಗೆಯಲ್ಲಿ ಊಟದ ಹೊತ್ತಿಗೆ ಒಲೆ ಮುಗಿಸಿದಳು. ಹೆಂಡತಿ ಮೊದಲ ಸಲ ಹಿತ್ತಲಿಗಿಳಿದು ಮಣ್ಣಿನ ಉಂಡೆ ಕೊಡುತ್ತಾ ಕೂತಳು. ನನ್ನನ್ನು ಹತ್ತಿರ ಬಿಡಲಿಲ್ಲ.

ಮಗಳು ಹುಟ್ಟಿದಳು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಎರೆದುಕೊಂಡು ಬಂದು ಸಾಂಬ್ರಾಣಿ ಹೊಗೆಗೆ ತಲೆಗೂದಲು ಒಡ್ಡಿ ಕೂತಿದ್ದ ಹೆಂಡತಿಯನ್ನು, ಮನಸ್ಸು ತಡೆಯದೆ, ಕೇಳಿಯೇಬಿಟ್ಟೆ: "ನಾನು ಕಟ್ಟಿದ್ದನ್ನೇ ಉಳಿಸಿದ್ದರೂ ಮಗು ಚೆನ್ನಾಗೇ ಇರ್ತಿತ್ತು, ಅಲ್ವಾ?"

"ಇರ್ತಿತ್ತು, ನಂಗೂ ಗೊತ್ತು," ಅಂದಳು. "ಆದ್ರೆ ಏನಾರ ಹೆಚ್ಚುಕಮ್ಮಿ ಆಗಿದ್ರೆ, ಇನ್ನೊಂದ್ಸಲ ನಿಮ್ಮನ್ನೇ ಅನುಮಾನಿಸ್ಕೊಂಡು ನಿಮ್ ಜೊತೆ ಬದುಕೋ ಶಕ್ತಿ ನಂಗಿರ್ಲಿಲ್ಲ."