ದೀಪ ಆರದ ಕೋಣೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ‘ಜಿಗಣೆ’ ಎನ್ನುತ್ತಿದ್ದರು. ಹಿಡಿದ ಪ್ರಶ್ನೆಯನ್ನು ಬಿಡುವ ಜಾಯಮಾನ ಅವಳದಲ್ಲ. ಮೊದಮೊದಲು ಬೆನ್ನ ಹಿಂದೆ ಹೇಳುತ್ತಿದ್ದರು. ಆ ಹೆಸರು ಕೇಳಿ ಅವಳೇ ಹೊಟ್ಟೆ ಹಿಡಿದುಕೊಂಡು ನಕ್ಕ ಮೇಲೆ ಮುಖದೆದುರೇ ಕರೆಯತೊಡಗಿದರು.

ಅವಳ ಕೆಲಸ ವೈರಸ್ಸುಗಳ ಜೊತೆ. ಅವುಗಳ ರೋಗ ತರುವ ಶಕ್ತಿಯನ್ನು ಕಿತ್ತುಹಾಕಿ, ಆ ಜಾಗಕ್ಕೆ ಒಳ್ಳೆಯ ಜೀನ್ ಒಂದನ್ನು ತುಂಬಿ, ಯಕೃತ್ತಿನ ಜೀವಕೋಶಗಳಿಗೆ ಮುಟ್ಟಿಸುವುದು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಹುಟ್ಟಿನಿಂದಲೇ ಇರುವವರಿಗೆ ಇದರಿಂದ ಗುಣವಾದೀತೆಂಬ ಆಸೆ. ಆದರೆ ಇಲಿಗಳಲ್ಲಿ ಮದ್ದು ಒಮ್ಮೆ ಚೆನ್ನಾಗಿ ಹಿಡಿಯುತ್ತಿತ್ತು, ಇನ್ನೊಮ್ಮೆ ಕೈಕೊಡುತ್ತಿತ್ತು. ವೈರಸ್ ಅದೇ, ಪ್ರಮಾಣವೂ ಅದೇ.

ಅಂಥದ್ದರಲ್ಲಿ ಇಲಿಗಳ ಒಂದು ಕೋಣೆಯ ಸ್ವಿಚ್ಚು ಕೆಟ್ಟಿತು. ರಾತ್ರಿಗೆ ಆರಬೇಕಾದ ದೀಪ ವಾರಗಟ್ಟಲೆ ಉರಿಯುತ್ತಲೇ ಇದ್ದುದನ್ನು ಯಾರೂ ಗಮನಿಸಲಿಲ್ಲ. ವಿಭಾಗದ ಮುಖ್ಯಸ್ಥರಿಗೆ ಗೊತ್ತಾದಾಗ ಕಿಡಿಕಿಡಿಯಾದರು.

“ಆ ಕೋಣೆದೆಲ್ಲ ಬಿಸಾಕಮ್ಮ. ಹಾಳಾದ ಪ್ರಯೋಗಾನ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕ್ತೀಯಾ?”

“ಬಿಸಾಕೋದು ಇದ್ದೇ ಇದೆ ಸಾರ್. ಒಂದ್ಸಲ ನೋಡಿಬಿಡ್ತೀನಿ.”

ನೋಡಿದಳು. ದೀಪ ಆರದ ಕೋಣೆಯಲ್ಲಿ ಫಲಿತಾಂಶ ದಿಕ್ಕಾಪಾಲು. ದೀಪ ಸರಿಯಿದ್ದ ಕೋಣೆಯಲ್ಲಿ ಮಾತ್ರ ಒಂದು ಕ್ರಮವಿತ್ತು: ಅವಳು ಬೆಳಿಗ್ಗೆ ಚುಚ್ಚಿದ ಇಲಿಗಳಲ್ಲಿ ಮದ್ದು ಹಿಡಿದಿತ್ತು, ಸಹೋದ್ಯೋಗಿಯೊಬ್ಬ ಸಂಜೆ ಚುಚ್ಚಿದವುಗಳಲ್ಲಿ ಸೊರಗಿತ್ತು. ದೇಹಕ್ಕೆ ತನ್ನದೇ ಹಗಲು ರಾತ್ರಿಯ ಲೆಕ್ಕವಿದೆ; ಯಕೃತ್ತು ಆ ಲೆಕ್ಕದಂತೆಯೇ ಬಾಗಿಲು ತೆಗೆಯುತ್ತದೆ, ಹಾಕುತ್ತದೆ ಎಂದು ಅವಳಿಗೆ ಅನ್ನಿಸಿತು.

ಭಾನುವಾರ ತಾಯಿಯ ಮನೆಗೆ ಹೋದಾಗ ಬಟ್ಟೆ ಮಡಚುತ್ತಾ ಇದನ್ನೇ ಹೇಳಿದಳು. ತಾಯಿಗೆ ಬೇರೆಯೇ ಚಿಂತೆ.

“ನಿಮ್ಮ ಸಾಹೇಬ್ರು ಒಪ್ಪದೇ ಹೋದ್ರೆ ಏನ್ ಮಾಡ್ತೀಯೇ?”

“ಅವರನ್ನ ಒಪ್ಪಿಸೋದು ನನ್ನ ಕೆಲಸ ಅಲ್ಲಮ್ಮ, ಇಲಿಗಳದ್ದು.”

ಸಾಹೇಬರು ಒಪ್ಪಲಿಲ್ಲ. “ಸಂಜೆ ಚುಚ್ಚಿದವನ ಕೈ ಒರಟು, ಅಷ್ಟೆ. ಅದಕ್ಕೂ ಹೊತ್ತಿಗೂ ಏನು ಸಂಬಂಧ?”

“ಹಾಗಾದ್ರೆ ದೀಪದಿಂದ ಒಂದು ಕೋಣೆಯ ಹಗಲು ರಾತ್ರಿ ಅದಲುಬದಲು ಮಾಡೋಣ. ಇನ್ನೊಂದು ಹಾಗೇ ಇರಲಿ. ಎರಡರಲ್ಲೂ ಸಂಜೆ ಹೊತ್ತು ಅವನೇ ಚುಚ್ಚಲಿ. ಕೈ ಒರಟಾಗಿದ್ರೆ ಎರಡೂ ಕಡೆ ಕೆಡಬೇಕಲ್ಲ?”

ಮುಖ್ಯಸ್ಥರು ‘ಆಗಲಿ’ ಎಂದರು. ಯಾವ ರಕ್ತ ಯಾವ ಕೋಣೆಯದೆಂದು ಅಳೆಯುವವರಿಗೇ ತಿಳಿಯದಂತೆ ಸೀಸೆಗಳಿಗೆ ಗುಟ್ಟಿನ ಗುರುತು ಹಾಕಿದರು. ಗುರುತು ಬಿಚ್ಚಿದಾಗ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಸಂಜೆಯೇ ಬೆಳಗಾಗಿದ್ದ ಇಲಿಗಳಲ್ಲಿ ಮದ್ದು ಹಿಡಿದಿತ್ತು, ಇನ್ನೊಂದು ಕೋಣೆಯವುಗಳಲ್ಲಿ ಸೊರಗಿತ್ತು. ಇಷ್ಟು ದಿನ ಬೈಸಿಕೊಂಡಿದ್ದ ಸಹೋದ್ಯೋಗಿ ತನ್ನ ಎರಡೂ ಕೈಗಳನ್ನು ಎಲ್ಲರಿಗೂ ತೋರಿಸುತ್ತಾ ಓಡಾಡಿದ.

“ಅಂದ್ರೆ ನಮ್ಮ ಹಳೇ ಪ್ರಯೋಗಗಳಲ್ಲಿ ಎಷ್ಟನ್ನ ಮತ್ತೆ ಮಾಡಬೇಕು?” ಎಂದರು ಮುಖ್ಯಸ್ಥರು, ತಲೆ ಕೆರೆದುಕೊಳ್ಳುತ್ತಾ.

“ಎಲ್ಲಾನೂ ಸಾರ್.”

ಅವರು ಹೋ ಎಂದು ನಕ್ಕುಬಿಟ್ಟರು.

ಅಲ್ಲಿಂದ ಮನುಷ್ಯರವರೆಗಿನ ದಾರಿ ದೂರದ್ದಾಗಿತ್ತು. ಇಲಿ ರಾತ್ರಿ ಓಡಾಡುವ ಪ್ರಾಣಿ. ಅದರ ಬೆಳಗು ನಮ್ಮದಲ್ಲ. ಈಗ ಮುಖ್ಯಸ್ಥರಿಗೇ ಆತುರ, ಅವಳೇ ತಡೆದಳು. ಮನುಷ್ಯರ ಯಕೃತ್ತಿನ ಜೀವಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಅವುಗಳ ಹೊತ್ತನ್ನು ಮೊದಲಿಂದ ಕಲಿತಳು. ಹಾಗೆ ವರ್ಷಗಳೇ ಉರುಳಿದವು, ಕೂದಲು ನರೆಯಿತು. ಆದರೂ ಅವಳ ನಡಿಗೆಯ ಬಿರುಸು ಕಡಿಮೆಯಾಗಲಿಲ್ಲ.

ಕೊನೆಗೆ ಆಸ್ಪತ್ರೆಯಲ್ಲಿ ಮೊದಲು ಮದ್ದು ಪಡೆದವನು ಒಬ್ಬ ದರ್ಜಿ. ಮೊಣಕಾಲಿನ ಕೀಲಿನೊಳಗೆ ಪದೇಪದೇ ರಕ್ತ ಸೋರಿ, ಹೊಲಿಗೆ ಯಂತ್ರ ತುಳಿಯಲಾರದೆ ಬರೀ ಗುಂಡಿ ಹಚ್ಚಿಕೊಂಡು ಕೂತಿದ್ದವನು. ಕೆಲವು ತಿಂಗಳು ಕಳೆದ ಮೇಲೆ ತಪಾಸಣೆಗೆ ಬಂದಾಗ ಊರುಗೋಲಿಲ್ಲದೆ ಮೆಟ್ಟಿಲು ಹತ್ತಿ ಬಂದ.

“ಈಗ ದಿನಾ ಮಿಷನ್ ತುಳೀತಿದೀನಿ ಮೇಡಂ. ಹೊತ್ತು ನೋಡಿ ಕೊಟ್ರಲ್ಲ, ಅದಕ್ಕೇನಾ?”

ಅವಳಿಗೆ ಹೌದೆನ್ನುವ ಆಸೆಯಾಯಿತು. ಆದರೂ ಹೇಳಬೇಕಾದ್ದನ್ನೇ ಹೇಳಿದಳು: “ನಿಮ್ಮೊಬ್ಬರನ್ನ ನೋಡಿ ಹಾಗೆ ಹೇಳೋಕಾಗಲ್ಲಪ್ಪ. ಇನ್ನೂ ತುಂಬ ಜನ ಬೇಕು.”

“ಸಿಗ್ತಾರೆ ಬಿಡಿ. ನಮ್ಮ ತಮ್ಮಂಗೂ ಇದೇ ಕಾಯಿಲೆ. ಹೊರಗೇ ಕೂತಿದಾನೆ.”

“ಮತ್ತೆ ಇನ್ನೇನು? ಒಳಗೆ ಕರೀರಿ!” ಎಂದು ಅವಳೇ ಎದ್ದು ಬಾಗಿಲು ತೆಗೆದಳು.