ಗಾಳಿ ಸುದ್ದಿಯ ವಿದ್ಯಾವತಿ

ಬಿರುಗಾಳಿಯ ಎಚ್ಚರಿಕೆ ಮೊಬೈಲಿಗೆ ಬಂತೆಂದರೆ ಕರಜಗಿಯ ವಿದ್ಯಾವತಿಗೆ ಒಲೆಯ ಮೇಲಿನ ಹಾಲು ಉಕ್ಕಿದರೂ ಪರಿವೆಯಿಲ್ಲ, ಹಾಸಿಗೆ ಹಿಡಿದ ನೆರೆಮನೆಯ ಪೀರಬಿಯನ್ನು ಮೊದಲು ಕೈಗಾಡಿಯಲ್ಲಿ ಶಾಲೆಗೆ ಮುಟ್ಟಿಸಿ, ಆಮೇಲೆ ಓಣಿಯ ಬಾಗಿಲುಗಳನ್ನೆಲ್ಲ ಬಡಿಯುತ್ತಾಳೆ: “ತಗಡಿನ ಮನ್ಯಾಗ ಇರಬ್ಯಾಡ್ರಿ, ಸಾಲಿಗೆ ನಡೀರಿ.” ಎಷ್ಟೋ ಸಲ ಒಂದು ಎಲೆಯೂ ಅಲುಗಿರಲಿಲ್ಲ. ಕಟ್ಟೆಯ ಮೇಲಿನ ದೌಲತರಾಯ, “ಎಲ್ಲಿ ಅದರಿ ನಿಮ್ಮ ಗಾಳಿ?” ಎಂದು ನಕ್ಕರೆ, “ಬರಲಿಲ್ಲಂದ್ರ ಚಲೋನೇ ಆತಲ್ರಿ, ಎಲ್ಲಾರೂ ಉಳದೇವಿ” ಎಂದು ಅವನಿಗಿಂತ ಜೋರಾಗಿ ನಗುತ್ತ, ಪೀರಬಿಯನ್ನು ಮರಳಿ ಮನೆಗೆ ತರುತ್ತಿದ್ದಳು. ಮೊನ್ನೆ ಸಂಜೆ ಗಾಳಿ ನಿಜಕ್ಕೂ ಬಂತು. ಆಕೆಯ ಕಾಟ ತಾಳಲಾರದೆ ಗೊಣಗುತ್ತಲೇ ಶಾಲೆ ಸೇರಿದ್ದ ಓಣಿಯವರ ಕಣ್ಣೆದುರೇ ಅವರ ಮನೆಯ ತಗಡುಗಳು ಕಾಗದದಂತೆ ಹಾರಿ ಕಬ್ಬಿನ ಗದ್ದೆಗೆ ಬಿದ್ದವು. ಒಬ್ಬರಿಗೂ ಗೀರುಗಾಯವಿಲ್ಲ. ದೌಲತರಾಯ ಮೆಲ್ಲಗೆ ಹತ್ತಿರ ಬಂದ: “ಮುಂದಿನ ಸಲ ಆ ಕಡಿ ಓಣಿ ನಾ ನೋಡ್ಕೋತೇನ್ರಿ.”